ಇನುವಿಕ್‌ನಿಂದ ಇಕಾಲುಯಿಟ್‌ಗೆ ವಿಮಾನದಲ್ಲಿ ಎಷ್ಟು ದೂರ? ಉತ್ತರದ ಊರುಗಳ ವೈಮಾನಿಕ ದೂರ ಲೆಕ್ಕ ಹಾಕಲು ಸಮಗ್ರ ಮಾರ್ಗದರ್ಶಿ

ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ, ಮೆಕೆಂಜಿ ನದಿ ಸಮುದ್ರ ಸೇರುವ ಜಾಗದ ಹತ್ತಿರ ಇನುವಿಕ್ ಎಂಬ ಊರಿದೆ. 2021ರ ಜನಗಣತಿಯ ಪ್ರಕಾರ ಅಲ್ಲಿ 3,137 ಜನ. ಅದೇ ದೇಶದ ಈಶಾನ್ಯ ಭಾಗದಲ್ಲಿ, ಬ್ಯಾಫಿನ್ ದ್ವೀಪದ ಮೇಲೆ ಇಕಾಲುಯಿಟ್ ಇದೆ. ಇದು ನೂನಾವುಟ್ ಪ್ರಾಂತ್ಯದ ರಾಜಧಾನಿ, ಜನಸಂಖ್ಯೆ 7,429. ಇನುವಿಕ್‌ಗೆ ದಕ್ಷಿಣದಿಂದ ಡೆಂಪ್‌ಸ್ಟರ್ ಹೆದ್ದಾರಿ ಬರುತ್ತದೆ. ಇಕಾಲುಯಿಟ್‌ಗೆ ಹೊರಗಿನ ಯಾವ ಊರಿನಿಂದಲೂ ರಸ್ತೆ ಇಲ್ಲ, ಹಡಗು ಬರುವುದೂ ಹಿಮ ಕರಗಿದ ಕೆಲವೇ ತಿಂಗಳು. ಹಾಗಾಗಿ ಈ ಎರಡು ಊರುಗಳ ನಡುವಿನ ದೂರ ಎಂದರೆ ವಿಮಾನದ ದೂರವೇ.

ಆ ದೂರ ಎಷ್ಟು ಎಂದು ಲೆಕ್ಕ ಹಾಕಲು ಹೊರಟರೆ ನಾಲ್ಕು ಉತ್ತರಗಳು ಸಿಗಬಹುದು: 7,218 ಕಿ.ಮೀ., 2,976 ಕಿ.ಮೀ., 2,834 ಕಿ.ಮೀ., 3,437 ಕಿ.ಮೀ. ಮೊದಲನೆಯದು ಪೂರ್ತಿ ತಪ್ಪು. ಎರಡನೆಯದು ಸರಿಯಿರುವಂತೆ ಕಂಡರೂ ತಪ್ಪು. ಮೂರನೆಯದು ಸರಿ. ನಾಲ್ಕನೆಯದೂ ಸರಿಯೇ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. ಈ ನಾಲ್ಕೂ ಎಲ್ಲಿಂದ ಬರುತ್ತವೆ ಎಂದು ತಿಳಿದುಕೊಂಡರೆ ಉತ್ತರ ಧ್ರುವದ ಸುತ್ತಲಿನ ಯಾವ ಎರಡು ಊರುಗಳ ದೂರವನ್ನಾದರೂ ಧೈರ್ಯವಾಗಿ ಹೇಳಬಹುದು. ಬೇಕಾಗಿರುವುದು ಸೈಂಟಿಫಿಕ್ ಕ್ಯಾಲ್ಕುಲೇಟರ್ (ಮೊಬೈಲಿನಲ್ಲಿರುವುದೇ ಸಾಕು), ಒಂದು ಹಾಳೆ, ಅಳತೆಪಟ್ಟಿ, ಕೋನಮಾಪಕ. ಗ್ಲೋಬ್ ಇದ್ದರೆ ಇನ್ನೂ ಒಳ್ಳೆಯದು.

ಹಂತ 1: ಯಾವ ದೂರ ಬೇಕು ಎಂದು ಮೊದಲು ತೀರ್ಮಾನಿಸಿ

ವೈಮಾನಿಕ ದೂರ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ಭೂಮಿಯ ಮೇಲ್ಮೈ ಮೇಲೆ ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದಾರಿ. ಇದನ್ನು ಮಹಾವೃತ್ತದ ದೂರ ಎನ್ನುತ್ತೇವೆ. ಇನ್ನೊಂದು, ಟಿಕೆಟ್ ಕೊಂಡು ಕೂತ ಪ್ರಯಾಣಿಕ ನಿಜವಾಗಿ ಹಾರುವ ದೂರ. ದೊಡ್ಡ ನಗರಗಳ ನಡುವೆ ನೇರ ವಿಮಾನಗಳಿರುವುದರಿಂದ ಇವೆರಡೂ ಹತ್ತಿರ ಹತ್ತಿರ ಇರುತ್ತವೆ. ಉತ್ತರದ ಚಿಕ್ಕ ಊರುಗಳಲ್ಲಿ ಹಾಗಲ್ಲ. ನೇರ ವಿಮಾನ ಇರುವುದೇ ಅಪರೂಪ, ಹಾಗಾಗಿ ಅಂತರ ನೂರಾರು ಕಿಲೋಮೀಟರ್ ಆಗಬಹುದು. ಶಾಲೆಯ ಪ್ರಾಜೆಕ್ಟ್‌ಗೋ ನಕ್ಷೆಗೋ ಮೊದಲನೆಯದು ಸಾಕು. ಪ್ರಯಾಣದ ಯೋಜನೆಗೆ, ಇಂಧನದ ಅಥವಾ ಇಂಗಾಲದ ಲೆಕ್ಕಕ್ಕೆ ಎರಡನೆಯದೇ ಬೇಕು.

ಹಂತ 2: ಊರಿನದಲ್ಲ, ವಿಮಾನ ನಿಲ್ದಾಣದ ಅಕ್ಷಾಂಶ ರೇಖಾಂಶ ತೆಗೆದುಕೊಳ್ಳಿ

ಹೆಸರು ನಂಬಿ ಹುಡುಕಿದರೆ ಉತ್ತರದಲ್ಲಿ ದಾರಿ ತಪ್ಪುವುದು ಸುಲಭ. ಇನುವಿಕ್ ಬೇರೆ, ಕ್ವಿಬೆಕ್‌ನ ಕರಾವಳಿಯ ಇನುಕ್‌ಜುವಾಕ್ ಬೇರೆ. ಹಳೆಯ ನಕ್ಷೆಗಳಲ್ಲಿ ಇಕಾಲುಯಿಟ್ ಕಾಣುವುದೇ ಇಲ್ಲ, ಏಕೆಂದರೆ 1987ರವರೆಗೆ ಆ ಊರಿನ ಅಧಿಕೃತ ಹೆಸರು ಫ್ರೋಬಿಷರ್ ಬೇ. ಅಲಾಸ್ಕಾದ ಬ್ಯಾರೋ 2016ರಲ್ಲಿ ಉಟ್ಕಿಯಾಗ್ವಿಕ್ ಆಯಿತು. ಊರಿನ ಹೆಸರು ಬದಲಾದರೂ ವಿಮಾನ ನಿಲ್ದಾಣದ ಮೂರಕ್ಷರದ ಕೋಡ್ ಸಾಮಾನ್ಯವಾಗಿ ಬದಲಾಗುವುದಿಲ್ಲ. ಇಕಾಲುಯಿಟ್‌ನ ಕೋಡ್ ಇಂದಿಗೂ ವೈಎಫ್‌ಬಿ, ಅದರಲ್ಲಿ ಫ್ರೋಬಿಷರ್ ಬೇ ಹಾಗೆಯೇ ಉಳಿದುಕೊಂಡಿದೆ. ಇನುವಿಕ್‌ನದು ವೈಇವಿ. ಹುಡುಕುವಾಗ ಈ ಕೋಡ್ ಬಳಸಿ.

ವಿಮಾನಯಾನದ ದಾಖಲೆಗಳಲ್ಲಿ ಅಂಕಿಗಳು ಡಿಗ್ರಿ, ನಿಮಿಷ, ಸೆಕೆಂಡ್‌ಗಳಲ್ಲಿರುತ್ತವೆ. ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಿಕೊಳ್ಳಿ. ಇನುವಿಕ್ ನಿಲ್ದಾಣದ ಅಕ್ಷಾಂಶ 68°18′15″ ಉತ್ತರ. ಅಂದರೆ 68 + 0.3 + 0.004, ಒಟ್ಟು 68.304°. ಎರಡು ದಶಮಾಂಶ ಸಾಕು:

ಇನುವಿಕ್: 68.30° ಉತ್ತರ, 133.48° ಪಶ್ಚಿಮ
ಇಕಾಲುಯಿಟ್: 63.76° ಉತ್ತರ, 68.56° ಪಶ್ಚಿಮ

ಎರಡು ದಶಮಾಂಶ ಏಕೆ ಸಾಕೆಂದರೆ, ಅಕ್ಷಾಂಶದಲ್ಲಿ 0.01° ಎಂದರೆ ಸುಮಾರು 1.1 ಕಿ.ಮೀ. ಅಷ್ಟೇ. ರೇಖಾಂಶದಲ್ಲಂತೂ ಇನುವಿಕ್‌ನಷ್ಟು ಉತ್ತರದಲ್ಲಿ 0.01° ಎಂದರೆ ಬರೀ 400 ಮೀಟರ್.

ಹಂತ 3: ವ್ಯತ್ಯಾಸ ತೆಗೆಯಿರಿ, ದಿಕ್ಕು ಮರೆಯಬೇಡಿ

ಎರಡೂ ಊರು ಪಶ್ಚಿಮ ರೇಖಾಂಶದಲ್ಲೇ ಇರುವುದರಿಂದ ನೇರವಾಗಿ ಕಳೆಯಿರಿ. ಅಕ್ಷಾಂಶದ ವ್ಯತ್ಯಾಸ 4.54°, ರೇಖಾಂಶದ ವ್ಯತ್ಯಾಸ 64.92°. ಒಂದು ಊರು ಪೂರ್ವದಲ್ಲಿ, ಇನ್ನೊಂದು ಪಶ್ಚಿಮದಲ್ಲಿ ಇದ್ದರೆ ಕಳೆಯಬಾರದು, ಕೂಡಿಸಬೇಕು. ಕೂಡಿಸಿದ ಮೊತ್ತ 180° ಮೀರಿದರೆ ಅದನ್ನು 360ರಿಂದ ಕಳೆಯಬೇಕು. ಉಟ್ಕಿಯಾಗ್ವಿಕ್ 156.79° ಪಶ್ಚಿಮದಲ್ಲಿದೆ, ರಷ್ಯಾದ ಪೆವೆಕ್ ಸುಮಾರು 170.31° ಪೂರ್ವದಲ್ಲಿ. ಕೂಡಿಸಿದರೆ 327.1°. ನಿಜವಾದ ಅಂತರ 32.9° ಮಾತ್ರ. ನಕ್ಷೆಯ ಎರಡು ತುದಿಗಳಲ್ಲಿ ಕಾಣುವ ಈ ಊರುಗಳು ನಿಜದಲ್ಲಿ ಒಂದೇ ಸಮುದ್ರದ ಆಚೀಚೆ ಇರುವ ನೆರೆಹೊರೆ.

ಈಗ 7,218 ಎಲ್ಲಿಂದ ಬಂತು ನೋಡಿ. ಒಂದು ಡಿಗ್ರಿಗೆ ಸುಮಾರು 111.19 ಕಿ.ಮೀ. ಎಂದು ಓದಿಕೊಂಡವರು 64.92ನ್ನು 111.19ರಿಂದ ಗುಣಿಸುತ್ತಾರೆ. ಆ ಅಳತೆ ಅಕ್ಷಾಂಶಕ್ಕೆ ಎಲ್ಲ ಕಡೆಯೂ ಸರಿಹೊಂದುತ್ತದೆ. ರೇಖಾಂಶಕ್ಕೆ ಸಮಭಾಜಕದ ಮೇಲೆ ಮಾತ್ರ ಸರಿ. ಧ್ರುವದತ್ತ ಹೋದ ಹಾಗೆ ರೇಖಾಂಶಗಳು ಒಂದರ ಹತ್ತಿರ ಒಂದು ಬರುತ್ತವೆ. ಎಷ್ಟು ಹತ್ತಿರ ಎಂದು ಹೇಳುವುದು ಅಕ್ಷಾಂಶದ ಕಾಸ್ (ಕೊಸೈನ್, ಕ್ಯಾಲ್ಕುಲೇಟರ್‌ನ cos ಗುಂಡಿ) ಬೆಲೆ. ಎರಡೂ ಊರುಗಳ ಸರಾಸರಿ ಅಕ್ಷಾಂಶ 66.03°, ಅದರ ಕಾಸ್ 0.406. ಹೀಗೆ ತಿದ್ದಿದರೆ ಪೂರ್ವ ಪಶ್ಚಿಮದ ದೂರ 2,933 ಕಿ.ಮೀ.ಗೆ ಇಳಿಯುತ್ತದೆ. ಉತ್ತರ ದಕ್ಷಿಣದ 505 ಕಿ.ಮೀ. ಸೇರಿಸಿ ಪೈಥಾಗೊರಸ್ ಪ್ರಮೇಯ ಹಚ್ಚಿದರೆ 2,976 ಕಿ.ಮೀ. ಇನ್ನೂರು ಮುನ್ನೂರು ಕಿಲೋಮೀಟರ್ ಒಳಗಿನ ಊರುಗಳಿಗೆ ಈ ವಿಧಾನ ಚೆನ್ನಾಗಿಯೇ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಇದು ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಗುಂಟ ಹೋಗುವ ದಾರಿ. ಧ್ರುವದ ಹತ್ತಿರ ಅಕ್ಷಾಂಶದ ಗುಂಟ ಹೋಗುವುದೆಂದರೆ ಸುತ್ತಿ ಹೋಗುವುದು.

ಹಂತ 4: ಧ್ರುವದಿಂದ ಹಾಳೆಯ ಮೇಲೆ ಚಿತ್ರ ಬರೆಯಿರಿ

ಸೂತ್ರಕ್ಕೆ ಕೈಹಾಕುವ ಮೊದಲು ಈ ಹಂತವನ್ನು ದಯವಿಟ್ಟು ಬಿಡಬೇಡಿ. ಲೆಕ್ಕದಲ್ಲಿ ಎಡವಿದಾಗ ಹಿಡಿದು ಎಚ್ಚರಿಸುವುದು ಈ ಚಿತ್ರವೇ.

ಗೋಡೆಯ ಮೇಲಿನ ಸಾಮಾನ್ಯ ಪ್ರಪಂಚ ನಕ್ಷೆ ಮರ್ಕೇಟರ್ ಮಾದರಿಯದಾಗಿದ್ದರೆ ಅದರ ಮೇಲೆ ಅಳತೆಪಟ್ಟಿ ಇಡಲೇಬಾರದು. 60° ಅಕ್ಷಾಂಶದಲ್ಲಿ ಅದು ದೂರವನ್ನು ಎರಡು ಪಟ್ಟು ಹಿಗ್ಗಿಸುತ್ತದೆ, ಇನುವಿಕ್‌ನಲ್ಲಿ 2.7 ಪಟ್ಟು. ಅದರ ಬದಲು ಹಾಳೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಇಡಿ. ಅದು ಉತ್ತರ ಧ್ರುವ. ಪ್ರತಿ ಊರು ಧ್ರುವದಿಂದ ಎಷ್ಟು ದೂರ ಎಂದು ತಿಳಿಯಲು 90ರಿಂದ ಅಕ್ಷಾಂಶವನ್ನು ಕಳೆದು 111.19ರಿಂದ ಗುಣಿಸಿ. ಇನುವಿಕ್‌ಗೆ 21.70°, ಅಂದರೆ 2,413 ಕಿ.ಮೀ. ಇಕಾಲುಯಿಟ್‌ಗೆ 26.24°, ಅಂದರೆ 2,918 ಕಿ.ಮೀ.

ಒಂದು ಸೆಂಟಿಮೀಟರ್‌ಗೆ 200 ಕಿ.ಮೀ. ಎಂದು ಇಟ್ಟುಕೊಂಡು ಧ್ರುವದ ಚುಕ್ಕೆಯಿಂದ 12.1 ಸೆಂ.ಮೀ. ಗೆರೆ ಎಳೆಯಿರಿ, ತುದಿಯಲ್ಲಿ ಇನುವಿಕ್ ಎಂದು ಬರೆಯಿರಿ. ಕೋನಮಾಪಕವನ್ನು ಧ್ರುವದ ಮೇಲಿಟ್ಟು, ಆ ಗೆರೆಯಿಂದ 65° ಬಿಟ್ಟು ಬಲಕ್ಕೆ 14.6 ಸೆಂ.ಮೀ. ಉದ್ದದ ಇನ್ನೊಂದು ಗೆರೆ ಎಳೆಯಿರಿ. ಅದರ ತುದಿ ಇಕಾಲುಯಿಟ್. ಎರಡು ತುದಿಗಳ ನಡುವೆ ಅಳೆದರೆ ಸುಮಾರು 14.5 ಸೆಂ.ಮೀ., ಅಂದರೆ 2,900 ಕಿ.ಮೀ. ಹತ್ತಿರ. ಲೆಕ್ಕ ಹಾಕಿಯೇ ನೋಡಿದರೆ 2,892. ನಿಜವಾದ ದೂರಕ್ಕಿಂತ ಎರಡು ಶೇಕಡಾ ಮಾತ್ರ ಹೆಚ್ಚು, ಒಂದು ಸೂತ್ರವನ್ನೂ ಬಳಸದೆ!

ಗ್ಲೋಬ್ ಇದ್ದರೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. 30 ಸೆಂ.ಮೀ. ವ್ಯಾಸದ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ. ದಾರ 6.7 ಸೆಂ.ಮೀ. ಬರಬೇಕು. ಅಳೆಯುವಾಗ ದಾರ ಎತ್ತ ಕಡೆ ಹೋಗುತ್ತದೆ ಎಂದೂ ಗಮನಿಸಿ. ಇನುವಿಕ್‌ನಿಂದ ಹೊರಟ ದಾರ ಮೊದಲು ಉತ್ತರಕ್ಕೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಅದಕ್ಕೆ ಮತ್ತೆ ಬರೋಣ.

ಹಂತ 5: ಹಾವರ್ಸೈನ್ ಸೂತ್ರದಿಂದ ನಿಖರ ದೂರ

ಗೋಳದ ಮೇಲಿನ ದೂರಕ್ಕೆ ಹಲವು ಸೂತ್ರಗಳಿವೆ. ಹಾವರ್ಸೈನ್ ನನ್ನ ಆಯ್ಕೆ. ಹತ್ತಿರದ ಊರುಗಳಿಗೂ ದೂರದ ಊರುಗಳಿಗೂ ಅದು ಒಂದೇ ನಂಬಿಕೆಯಿಂದ ಕೆಲಸ ಮಾಡುತ್ತದೆ. ಹಂತ 3ರಲ್ಲಿ 360ರಿಂದ ಕಳೆಯಲು ಮರೆತಿದ್ದರೂ ಇದರಲ್ಲಿ ಉತ್ತರ ತಪ್ಪುವುದಿಲ್ಲ.

ಮೊದಲು ಒಂದು ಸಂಖ್ಯೆ ಕಂಡುಹಿಡಿಯಬೇಕು, ಅದನ್ನು "ಹ" ಎಂದು ಕರೆಯೋಣ:

ಹ = ಸೈನ್²(ಅಕ್ಷಾಂಶ ವ್ಯತ್ಯಾಸ ÷ 2) + ಕಾಸ್(ಮೊದಲ ಅಕ್ಷಾಂಶ) × ಕಾಸ್(ಎರಡನೇ ಅಕ್ಷಾಂಶ) × ಸೈನ್²(ರೇಖಾಂಶ ವ್ಯತ್ಯಾಸ ÷ 2)

ದೂರ = 2 × 6,371 × ವಿಲೋಮ ಸೈನ್(√ಹ)

ಇಲ್ಲಿ 6,371 ಎಂದರೆ ಕಿಲೋಮೀಟರ್‌ನಲ್ಲಿ ಭೂಮಿಯ ಸರಾಸರಿ ತ್ರಿಜ್ಯ. ವಿಲೋಮ ಸೈನ್ ಎಂದರೆ ಕ್ಯಾಲ್ಕುಲೇಟರ್‌ನ sin⁻¹ ಗುಂಡಿ. ನಮ್ಮ ಊರುಗಳ ಅಂಕಿ ಹಾಕೋಣ.

ಅಕ್ಷಾಂಶ ವ್ಯತ್ಯಾಸದ ಅರ್ಧ 2.27°. ಅದರ ಸೈನ್ 0.03961, ವರ್ಗ 0.00157.
ಕಾಸ್ 68.30° = 0.36975. ಕಾಸ್ 63.76° = 0.44213. ಗುಣಲಬ್ಧ 0.16348.
ರೇಖಾಂಶ ವ್ಯತ್ಯಾಸದ ಅರ್ಧ 32.46°. ಅದರ ಸೈನ್‌ನ ವರ್ಗ 0.28806.
0.16348 × 0.28806 = 0.04709.
ಹ = 0.00157 + 0.04709 = 0.04866.
√ಹ = 0.22059. ಇದರ ವಿಲೋಮ ಸೈನ್ 0.22242 ರೇಡಿಯನ್ (ರೇಡಿಯನ್ ಎಂದರೆ ಕೋನದ ಇನ್ನೊಂದು ಅಳತೆ, ಒಂದು ರೇಡಿಯನ್‌ಗೆ 57.296°).
ದೂರ = 2 × 6,371 × 0.22242 = 2,834 ಕಿ.ಮೀ.

ಎಡವುವ ಜಾಗ ಒಂದೇ: ಡಿಗ್ರಿ ಮತ್ತು ರೇಡಿಯನ್. ಸೈನ್, ಕಾಸ್ ತೆಗೆಯುವಾಗ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿರಲಿ, ಕೊನೆಯ ವಿಲೋಮ ಸೈನ್ ಮಾತ್ರ ರೇಡಿಯನ್‌ನಲ್ಲಿ ಬರಬೇಕು. ಡಿಗ್ರಿಯಲ್ಲೇ ಬಂದರೆ (ಇಲ್ಲಿ 12.744) 57.296ರಿಂದ ಭಾಗಿಸಿಕೊಳ್ಳಿ. ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ಗಳಿಗೆ ಎಲ್ಲ ಕೋನವೂ ರೇಡಿಯನ್‌ನಲ್ಲೇ ಬೇಕು, ಹಾಗಾಗಿ ಪ್ರತಿ ಡಿಗ್ರಿಯನ್ನೂ ರೇಡಿಯನ್ಸ್ ಫಂಕ್ಷನ್ ಒಳಗೆ ಹಾಕಿ. ಬಂದ ಉತ್ತರವನ್ನು ಹಂತ 4ರ ಚಿತ್ರದ ಜೊತೆ ಹೋಲಿಸಿ. ಚಿತ್ರ 2,900 ಎಂದಾಗ ಲೆಕ್ಕ 2,834 ಎಂದರೆ ಸರಿ. 5,000 ಎಂದರೆ ಎಲ್ಲೋ ತಪ್ಪಿದೆ.

ನಾಟಿಕಲ್ ಮೈಲಿ ಬೇಕಿದ್ದರೆ 1.852ರಿಂದ ಭಾಗಿಸಿ: 1,530. ಸಾಮಾನ್ಯ ಮೈಲಿಗೆ 1.609ರಿಂದ ಭಾಗಿಸಿ: 1,761. ವಿಮಾನಯಾನದ ಕಾಗದಗಳಲ್ಲಿ ಸುಮ್ಮನೆ ಮೈಲಿ ಎಂದಿದ್ದರೆ ಅದು ಬಹುಮಟ್ಟಿಗೆ ನಾಟಿಕಲ್ ಮೈಲಿ. ಏರ್‌ಲೈನ್‌ಗಳು ಪ್ರಯಾಣಿಕರಿಗೆ ಕೊಡುವ ಅಂಕಿಗಳಲ್ಲಿ ಸಾಮಾನ್ಯ ಮೈಲಿಯೂ ಇರಬಹುದು. ಎರಡರ ನಡುವೆ ಶೇಕಡಾ 15ರಷ್ಟು ವ್ಯತ್ಯಾಸ.

ಆನ್‌ಲೈನ್ ದೂರಮಾಪಕಗಳು ಇದಕ್ಕಿಂತ ಸುಮಾರು 10 ಕಿ.ಮೀ. ಹೆಚ್ಚು ತೋರಿಸಿದರೆ ಗಾಬರಿಯಾಗಬೇಡಿ. ಭೂಮಿ ಪೂರ್ಣ ಗೋಳವಲ್ಲ, ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ. ಚಪ್ಪಟೆಯಾದ ಜಾಗದಲ್ಲಿ ಮೇಲ್ಮೈಯ ಬಾಗು ಕಡಿಮೆ, ಅಂದರೆ ಬಾಗುವಿಕೆಯ ತ್ರಿಜ್ಯ ಹೆಚ್ಚು. ಧ್ರುವದ ಬಳಿ ಅದು 6,400 ಕಿ.ಮೀ. ಮುಟ್ಟುತ್ತದೆ. ನಾವು ಬಳಸಿದ 6,371 ಇಡೀ ಭೂಮಿಯ ಸರಾಸರಿ. ಆದ್ದರಿಂದ ಉತ್ತರದ ಊರುಗಳಿಗೆ ಗೋಳದ ಸೂತ್ರ ಕೊಡುವ ಉತ್ತರ ಯಾವಾಗಲೂ ಸ್ವಲ್ಪ ಕಡಿಮೆಯ ಕಡೆಗೇ ಇರುತ್ತದೆ. ಒಳ್ಳೆಯ ದೂರಮಾಪಕಗಳು 1975ರಲ್ಲಿ ಥ್ಯಾಡಿಯಸ್ ವಿನ್ಸೆಂಟಿ ಕೊಟ್ಟ ವಿಧಾನವನ್ನೋ ಅದಕ್ಕಿಂತ ಹೊಸದನ್ನೋ ಬಳಸಿ ಈ ಚಪ್ಪಟೆಯನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ವಿಮಾನ ನೆಲದಿಂದ 10 ಕಿ.ಮೀ. ಮೇಲೆ ಹಾರುವುದರಿಂದ ದೂರ ಹೆಚ್ಚಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಹೆಚ್ಚಾಗುತ್ತದೆ, ಆದರೆ ಇಡೀ ದಾರಿಗೆ ನಾಲ್ಕೂವರೆ ಕಿಲೋಮೀಟರ್ ಮಾತ್ರ.

ಹಂತ 6: ದಾರಿ ಎಲ್ಲೆಲ್ಲಿ ಹೋಗುತ್ತದೆ?

ನನಗೆ ಈ ಲೆಕ್ಕದಲ್ಲಿ ಅತಿ ಇಷ್ಟವಾದ ಭಾಗ ಇದು. ಇಕಾಲುಯಿಟ್ ಇನುವಿಕ್‌ಗಿಂತ ದಕ್ಷಿಣದಲ್ಲಿದೆ. ಹಾಗಾದರೆ ವಿಮಾನ ಆಗ್ನೇಯಕ್ಕೆ ಮೂತಿ ತಿರುಗಿಸಿ ಹೊರಡಬೇಕಲ್ಲವೇ? ಇಲ್ಲ.

ಹೊರಡುವ ದಿಕ್ಕು ತಿಳಿಯಲು ಎರಡು ಸಂಖ್ಯೆ ಬೇಕು. ಮೇಲಿನದು: ಸೈನ್(ರೇಖಾಂಶ ವ್ಯತ್ಯಾಸ) × ಕಾಸ್(ಎರಡನೇ ಅಕ್ಷಾಂಶ) = 0.4004. ಕೆಳಗಿನದು: ಕಾಸ್(ಮೊದಲ ಅಕ್ಷಾಂಶ) × ಸೈನ್(ಎರಡನೇ ಅಕ್ಷಾಂಶ) − ಸೈನ್(ಮೊದಲ ಅಕ್ಷಾಂಶ) × ಕಾಸ್(ಎರಡನೇ ಅಕ್ಷಾಂಶ) × ಕಾಸ್(ರೇಖಾಂಶ ವ್ಯತ್ಯಾಸ) = 0.1575. ಮೇಲಿನದನ್ನು ಕೆಳಗಿನದರಿಂದ ಭಾಗಿಸಿ ವಿಲೋಮ ಟ್ಯಾನ್ ತೆಗೆದರೆ 68.5°. ಅಂದರೆ ನಿಜ ಉತ್ತರದಿಂದ ಬಲಕ್ಕೆ 68.5°, ಈಶಾನ್ಯದ ಕಡೆಗೆ. ಸ್ಪ್ರೆಡ್‌ಶೀಟ್‌ನಲ್ಲಿ ಇದಕ್ಕೆ ಎಟ್ಯಾನ್2 (ATAN2) ಫಂಕ್ಷನ್ ಬಳಸುವುದಾದರೆ ಎಚ್ಚರ: ಎಕ್ಸೆಲ್ ಕೆಳಗಿನ ಸಂಖ್ಯೆಯನ್ನು ಮೊದಲು ಕೇಳುತ್ತದೆ, ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳು ಮೇಲಿನದನ್ನು ಮೊದಲು ಕೇಳುತ್ತವೆ.

ಈ ನೇರ ದಾರಿ ಇನುವಿಕ್ ಬಿಟ್ಟು ಆರ್ಕ್ಟಿಕ್ ಕರಾವಳಿಯ ಪೌಲಾಟುಕ್ ಎಂಬ ಪುಟ್ಟ ಊರಿನ ಪಕ್ಕದಲ್ಲೇ ಹಾದು ವಿಕ್ಟೋರಿಯಾ ದ್ವೀಪವನ್ನು ಸೇರುತ್ತದೆ. ಅಲ್ಲಿ, ಸುಮಾರು 69.9° ಅಕ್ಷಾಂಶದಲ್ಲಿ, ಅದರ ಏರಿಕೆ ಮುಗಿಯುತ್ತದೆ. ಕೇಂಬ್ರಿಡ್ಜ್ ಬೇ ಊರನ್ನು 70-75 ಕಿ.ಮೀ. ದಕ್ಷಿಣಕ್ಕೆ ಬಿಟ್ಟು, ಕಿಂಗ್ ವಿಲಿಯಂ ದ್ವೀಪ ದಾಟಿ, ಕುಗಾರುಕ್ ಹತ್ತಿರ ಹಾದು, ಫಾಕ್ಸ್ ಬೇಸಿನ್‌ನ ಹೆಪ್ಪುಗಟ್ಟುವ ನೀರಿನ ಮೇಲಿಂದ ಬ್ಯಾಫಿನ್ ದ್ವೀಪಕ್ಕೆ ಬರುತ್ತದೆ. ಇಕಾಲುಯಿಟ್ ಮುಟ್ಟುವ ಹೊತ್ತಿಗೆ ದಿಕ್ಕು ಸುಮಾರು 129°, ಆಗ್ನೇಯದತ್ತ. ಎಲ್ಲೂ ತಿರುವು ತೆಗೆದುಕೊಳ್ಳದೆ ನೇರವಾಗಿ ಬಂದರೂ ದಿಕ್ಕಿನ ಅಂಕಿ 60° ಬದಲಾಗಿದೆ, ಏಕೆಂದರೆ ಉತ್ತರ ಎಂಬುದೇ ಪ್ರತಿ ರೇಖಾಂಶದಲ್ಲೂ ಬೇರೆ ಕಡೆಗಿದೆ.

ಇಲ್ಲಿ ಕಾಂತೀಯ ದಿಕ್ಸೂಚಿಯನ್ನೂ ನಂಬುವಂತಿಲ್ಲ. ಕಾಂತಧ್ರುವ ಹತ್ತಿರವಿರುವುದರಿಂದ ಮುಳ್ಳು ನಿಖರವಾಗಿ ನಿಲ್ಲುವುದಿಲ್ಲ. ಅದಕ್ಕೇ ಕೆನಡಾದ ಉತ್ತರದ ವಾಯುಪ್ರದೇಶದಲ್ಲಿ ರನ್‌ವೇ ಸಂಖ್ಯೆಗಳನ್ನೂ ಹಾರುವ ದಿಕ್ಕನ್ನೂ ನಿಜ ಉತ್ತರಕ್ಕೆ ಹೊಂದಿಸಿ ಹೇಳುವುದು ನಿಯಮ. ನಾವು ಲೆಕ್ಕ ಹಾಕಿದ ಕೋನವೂ ನಿಜ ಉತ್ತರದ್ದೇ.

ಹಂತ 7: ಪ್ರಯಾಣಿಕ ಹಾರುವ ದೂರ

ಈ ಎರಡು ಊರುಗಳ ನಡುವೆ ಪ್ರಯಾಣಿಕರು ಸಾಮಾನ್ಯವಾಗಿ ವಾಯವ್ಯ ಪ್ರಾಂತ್ಯದ ರಾಜಧಾನಿ ಯೆಲ್ಲೊನೈಫ್ ಮೂಲಕವೇ ಹೋಗಬೇಕು. ವೇಳಾಪಟ್ಟಿ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ದಿನದ ನಿಲುಗಡೆಗಳನ್ನು ಏರ್‌ಲೈನ್‌ನ ಬುಕಿಂಗ್ ಪುಟದಲ್ಲಿ ನೋಡಿ ಬರೆದುಕೊಳ್ಳಿ. ಆಮೇಲೆ ಪ್ರತಿ ತುಂಡಿಗೂ ಹಂತ 5ರ ಲೆಕ್ಕವನ್ನು ಬೇರೆ ಬೇರೆಯಾಗಿ ಮಾಡಿ. ನಾರ್ಮನ್ ವೆಲ್ಸ್ ಮತ್ತು ರ‍್ಯಾಂಕಿನ್ ಇನ್ಲೆಟ್‌ನಲ್ಲೂ ಇಳಿಯುವ ದಾರಿಗೆ ಅದು ಹೀಗೆ:

ಇನುವಿಕ್ – ನಾರ್ಮನ್ ವೆಲ್ಸ್: 445 ಕಿ.ಮೀ.
ನಾರ್ಮನ್ ವೆಲ್ಸ್ – ಯೆಲ್ಲೊನೈಫ್: 680 ಕಿ.ಮೀ.
ಯೆಲ್ಲೊನೈಫ್ – ರ‍್ಯಾಂಕಿನ್ ಇನ್ಲೆಟ್: 1,136 ಕಿ.ಮೀ.
ರ‍್ಯಾಂಕಿನ್ ಇನ್ಲೆಟ್ – ಇಕಾಲುಯಿಟ್: 1,176 ಕಿ.ಮೀ.

ಒಟ್ಟು 3,437 ಕಿ.ಮೀ. ನೇರ ದಾರಿಗಿಂತ 603 ಕಿ.ಮೀ., ಅಂದರೆ ಶೇಕಡಾ 21ರಷ್ಟು ಹೆಚ್ಚು. ದಾರಿ ದಕ್ಷಿಣಕ್ಕೆ ಜೋತುಬಿದ್ದಿರುವುದೇ ಇದಕ್ಕೆ ಕಾರಣ. ನೇರ ಗೆರೆ 70° ಮುಟ್ಟಿ ಬಂದರೆ, ವಿಮಾನ 62.5°ಯವರೆಗೆ ಇಳಿದು ಮತ್ತೆ ಸ್ವಲ್ಪ ಏರುತ್ತದೆ. ಹೆಚ್ಚು ಜನ ಇರುವುದೂ, ದೊಡ್ಡ ಆಸ್ಪತ್ರೆ ಕಚೇರಿಗಳಿರುವುದೂ, ವಿಮಾನ ತುಂಬುವುದೂ ಯೆಲ್ಲೊನೈಫ್‌ನಲ್ಲಿ. ಇನುವಿಕ್‌ನಿಂದ ಇಕಾಲುಯಿಟ್‌ಗೆ ನೇರ ಹೋಗುವವರು ದಿನಕ್ಕೊಂದು ವಿಮಾನ ತುಂಬಿಸುವಷ್ಟು ಇಲ್ಲ.

ಇಂಗಾಲದ ಲೆಕ್ಕಕ್ಕಾಗಿ ಈ ದೂರ ಬೇಕಿದ್ದರೆ ಇನ್ನೊಂದು ಹೆಜ್ಜೆ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಇಂಗಾಲ ಲೆಕ್ಕದ ವಿಧಾನದಲ್ಲಿ, ಸುತ್ತುಬಳಸು ಮತ್ತು ಹವಾಮಾನದ ತಿರುವುಗಳಿಗಾಗಿ ಪ್ರತಿ ಹಾರಾಟದ ಮಹಾವೃತ್ತ ದೂರಕ್ಕೆ ಒಂದಿಷ್ಟು ಸೇರಿಸುತ್ತಾರೆ: 550 ಕಿ.ಮೀ.ಗಿಂತ ಕಡಿಮೆ ಇದ್ದರೆ 50, 550ರಿಂದ 5,500ರವರೆಗೆ 100, ಅದಕ್ಕಿಂತ ಹೆಚ್ಚಿದ್ದರೆ 125. ನಮ್ಮ ನಾಲ್ಕು ತುಂಡುಗಳಿಗೆ 50 + 100 + 100 + 100, ಒಟ್ಟು 350. ದೂರ 3,787 ಕಿ.ಮೀ. ಆಗುತ್ತದೆ. ಇಳಿದು ಹತ್ತುವ ಪ್ರತಿ ನಿಲುಗಡೆಯೂ ದೂರಕ್ಕೆ ಕೂಡುತ್ತದೆ ಎಂಬುದು ಈ ಅಂಕಿಯಲ್ಲಿ ಕಾಣುತ್ತದೆ.

ಹಂತ 8: ದೂರವನ್ನು ಗಂಟೆಗೆ ತಿರುಗಿಸಿ

ಜೆಟ್ ವಿಮಾನಕ್ಕೆ ಗಂಟೆಗೆ 800 ಕಿ.ಮೀ., ಎಟಿಆರ್ 42 ಥರದ ಟರ್ಬೊಪ್ರಾಪ್‌ಗೆ (ಪ್ರೊಪೆಲ್ಲರ್ ಇರುವ ವಿಮಾನಕ್ಕೆ) 500 ಕಿ.ಮೀ. ಎಂದು ಇಟ್ಟುಕೊಳ್ಳಿ. ನೇರ ಜೆಟ್ ಇದ್ದಿದ್ದರೆ ಮೂರೂವರೆ ಗಂಟೆ ಸಾಕಿತ್ತು. ನಾಲ್ಕು ತುಂಡಿನ ದಾರಿಯನ್ನು ಪೂರ್ತಿ ಟರ್ಬೊಪ್ರಾಪ್‌ನಲ್ಲಿ ಹೋದರೆ ಹಾರಾಟವೇ ಸುಮಾರು 6 ಗಂಟೆ 50 ನಿಮಿಷ. ಏರುವಾಗ ಇಳಿಯುವಾಗ ವೇಗ ಕಡಿಮೆ ಇರುವುದಕ್ಕೆ ಪ್ರತಿ ತುಂಡಿಗೆ 20 ನಿಮಿಷ ಕೂಡಿಸಿ: 8 ಗಂಟೆ 10 ನಿಮಿಷ. ನಿಲುಗಡೆಯಲ್ಲಿ ಕಾಯುವ ಹೊತ್ತು ಬೇರೆ, ಮುಂದಿನ ವಿಮಾನ ಮರುದಿನವಿದ್ದರೆ ಯೆಲ್ಲೊನೈಫ್‌ನಲ್ಲಿ ರಾತ್ರಿ ಉಳಿಯುವುದು ಬೇರೆ. ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಇಕಾಲುಯಿಟ್‌ನಿಂದ ವಾಪಸು ಬರುವಾಗ ಸಮಯ ಹೆಚ್ಚು ಹಿಡಿಯುತ್ತದೆ, ದೂರ ಅಷ್ಟೇ ಇದ್ದರೂ.

ಹಿಮಗಾಳಿ ಎದ್ದರೆ ಈ ಲೆಕ್ಕವೆಲ್ಲ ನಿಲ್ಲುತ್ತದೆ. ಇಲ್ಲಿ ಇಳಿಯಲಾಗದಿದ್ದರೆ ಪಕ್ಕದ ನಿಲ್ದಾಣ ನೂರಾರು ಕಿ.ಮೀ. ಆಚೆ ಇರುವುದರಿಂದ, ಪೈಲಟ್‌ಗಳು ಅಲ್ಲಿಗೆ ಹೋಗಲು ಸಾಕಾಗುವ ಇಂಧನವನ್ನೂ ಹೊತ್ತೇ ಹೊರಡುತ್ತಾರೆ. ಮುಂದಿನ ವಿಮಾನಕ್ಕೂ ಈ ವಿಮಾನಕ್ಕೂ ನಡುವೆ ಸಾಕಷ್ಟು ಸಮಯ ಬಿಟ್ಟುಕೊಂಡೇ ಟಿಕೆಟ್ ಮಾಡಿ. ಸಾಧ್ಯವಾದರೆ ಎಲ್ಲ ತುಂಡುಗಳೂ ಒಂದೇ ಬುಕಿಂಗ್‌ನಲ್ಲಿರಲಿ, ಆಗ ಒಂದು ವಿಮಾನ ತಪ್ಪಿದರೆ ಮುಂದಿನದಕ್ಕೆ ಬದಲಾಯಿಸಿಕೊಡುವ ಹೊಣೆ ಏರ್‌ಲೈನ್‌ನದಾಗುತ್ತದೆ.

ಟಿಕೆಟ್ ಮೇಲಿನ ಗಂಟೆಗಳನ್ನು ಕಳೆದು ಹಾರಾಟದ ಸಮಯ ತೆಗೆಯುವವರು ಗಡಿಯಾರದ ವ್ಯತ್ಯಾಸವನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಇನುವಿಕ್ ಪರ್ವತ ಕಾಲಮಾನದಲ್ಲಿದೆ, ಇಕಾಲುಯಿಟ್ ಪೂರ್ವ ಕಾಲಮಾನದಲ್ಲಿ, ಎರಡು ಗಂಟೆ ಮುಂದೆ. ನಡುವಿನ ರ‍್ಯಾಂಕಿನ್ ಇನ್ಲೆಟ್ ಮಧ್ಯ ಕಾಲಮಾನದಲ್ಲಿದೆ. ಬೆಳಿಗ್ಗೆ 8ಕ್ಕೆ ಇನುವಿಕ್ ಬಿಟ್ಟು ರಾತ್ರಿ 8ಕ್ಕೆ ಇಕಾಲುಯಿಟ್ ತಲುಪಿದರೆ ಕಳೆದದ್ದು ಹನ್ನೆರಡಲ್ಲ, ಹತ್ತು ಗಂಟೆ. ವಾಪಸು ಬರುವಾಗ ಅದೇ ಗಡಿಯಾರಗಳು ಎರಡು ಗಂಟೆ ಕಡಿಮೆ ತೋರಿಸುತ್ತವೆ.